ಮೆಲ್ಬರ್ನಿಗೆ ಒಯ್ದ ಉಡಿಯಕ್ಕಿ

ಬುಧವಾರ ಬೆಳಗಿನ ಆರೂವರೆಗೆ ಹೊರಡಬೇಕಾಗಿದ್ದ ಹೈದರಾಬಾದಿನ ಬಸ್ಸು ಸೇಡಂ ನಿಲ್ದಾಣವನ್ನು ಬಿಟ್ಟಾಗ ಏಳಕ್ಕೆ ಐದು ನಿಮಿಷವಿತ್ತು. ಆಷಾಢ ಅರ್ಧ ಕಳೆದಿದ್ದರೂ ಮಳೆ ಸರಿಯಾಗಿ ಹಿಡಿದಿರಲಿಲ್ಲ. ಕುರಕುಂಟಾ ದಾಟುವವರೆಗೆ ರಸ್ತೆಯ ಎರಡೂ ಬದಿಯ ಬೇವಿನ ಮರಗಳ ಮೇಲೆ ಸಿಮೆಂಟ್ ಕಾರ್ಖಾನೆಯ ಧೂಳು ಹಾಗೆಯೇ ಕುಳಿತಿತ್ತು. ಹೊಲಗಳಲ್ಲಿ ತೊಗರಿ ಆಗತಾನೆ ಎರಡೆಲೆ ಬಿಟ್ಟಿತ್ತು. ನನ್ನ ದೊಡ್ಡ ಪೆಟ್ಟಿಗೆ ಬಸ್ಸಿನ ಹಿಂಭಾಗದಲ್ಲಿತ್ತು. ಸಣ್ಣ ಕೈಚೀಲವೊಂದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅದನ್ನು ಮೇಲಿನ ಹಲಗೆಯ ಮೇಲೆ ಇಡುವಂತೆ ಕಂಡಕ್ಟರ್ ಎರಡು ಸಲ ಹೇಳಿದ. ನಾನು ಒಪ್ಪದಿದ್ದಾಗ, “ಬಂಗಾರ ಅದ ಏನ್ರಿ ಮಾಸ್ತರ್ರೆ ಅದರಾಗ? ಹಿಂಗ ಅಪ್ಪಿಕೊಂಡು ಕುಂತೀರಿ,” ಎಂದು ನಕ್ಕು ಮುಂದೆ ಹೋದ.

ಬಂಗಾರವಿರಲಿಲ್ಲ. ಐದು ಹಿಡಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಐದು ಅರಿಷಿಣದ ಬೇರು, ಐದು ಅಡಕೆ ಮತ್ತು ರವಿಕೆಗೆಂದು ಒಂದು ಹಸಿರು ಖಣ ಇದ್ದವು. ನನ್ನ ಪತ್ನಿ ಮಹಾದೇವಿ ತನ್ನ ಹಳೆಯ ಸೀರೆಯ ತುಂಡಿನಲ್ಲಿ ಅವನ್ನು ಕಟ್ಟಿಟ್ಟಿದ್ದಳು. ಕಟ್ಟಿಟ್ಟ ಇಪ್ಪತ್ತೆರಡನೆಯ ದಿನ ಅವಳು ತೀರಿಕೊಂಡಳು. ಆ ಗಂಟನ್ನು ನಾನು ಒಂದು ವರ್ಷ ಬಿಚ್ಚದೆ ಕಪಾಟಿನಲ್ಲಿ ಇಟ್ಟು, ಈಗ ಆಸ್ಟ್ರೇಲಿಯಾ ದೇಶದ ಮೆಲ್ಬರ್ನ್ ನಗರದಲ್ಲಿರುವ ನನ್ನ ತಂಗಿ ಶಾಂತಾಳ ಬಳಿಗೆ ಒಯ್ಯುತ್ತಿದ್ದೆ.

ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಇತರ ಓದುಗರಿಗಾಗಿ ಹೇಳುತ್ತೇನೆ. ತವರಿನಿಂದ ಹೊರಟ ಹೆಣ್ಣುಮಗಳನ್ನು ಬರಿಯ ಸೆರಗಿನಲ್ಲಿ ಕಳುಹಿಸುವ ಪದ್ಧತಿ ನಮ್ಮಲ್ಲಿಲ್ಲ. ಅವಳು ಸೆರಗನ್ನು ಮುಂದೆ ಒಡ್ಡುತ್ತಾಳೆ. ತಾಯಿಯೋ ಅತ್ತಿಗೆಯೋ ಅದರಲ್ಲಿ ಅಕ್ಕಿಯನ್ನೂ ಉಳಿದ ಮಂಗಳದ್ರವ್ಯಗಳನ್ನೂ ತುಂಬುತ್ತಾರೆ. ಇದೇ ಉಡಿ. ಆದರೆ ಗಂಡ ತೀರಿದವಳಿಗೆ ಉಡಿಯಿಲ್ಲ ಎಂಬುದೂ ಅದೇ ಪದ್ಧತಿಯ ಇನ್ನೊಂದು ಮಗ್ಗುಲು.

ಶಾಂತಾ ನನಗಿಂತ ಏಳು ವರ್ಷ ಚಿಕ್ಕವಳು. ಚಿಂಚೋಳಿಗೆ ಕೊಟ್ಟಿದ್ದೆವು. ಮದುವೆಯಾದ ಆರನೆಯ ವರ್ಷ ಅವಳ ಗಂಡ ಎದೆನೋವಿನಿಂದ ಒಂದೇ ದಿನದಲ್ಲಿ ಹೋದ. ಮಕ್ಕಳಿರಲಿಲ್ಲ. ಅವಳು ನರ್ಸಿಂಗ್ ಓದಿದ್ದಳು. ಶಹಾಬಾದಿನ ಒಂದು ಖಾಸಗಿ ದವಾಖಾನೆಯಲ್ಲಿ ಕೆಲವು ಕಾಲ ದುಡಿದು, ಆಮೇಲೆ ಕುವೈತಿಗೆ ಹೋಗುವ ನಿರ್ಧಾರ ಮಾಡಿದಳು. ಹನ್ನೆರಡು ವರ್ಷಗಳ ಹಿಂದೆ ಅವಳು ಹೊರಟದ್ದು ನಮ್ಮ ಮನೆಯಿಂದಲೇ. ಮಹಾದೇವಿ ಮೊರದಲ್ಲಿ ಅಕ್ಕಿ ಹಿಡಿದು ಒಳಗಿನಿಂದ ಬಂದಳು. ಶಾಂತಾ ಏನನ್ನೂ ಯೋಚಿಸದೆ, ರೂಢಿಯ ಬಲದಿಂದ, ಸೆರಗು ಒಡ್ಡಿದಳು. ಆಗ ನಾನು, “ಮಹಾದೇವಿ, ಬ್ಯಾಡ. ಗಂಡ ಇಲ್ಲದವರಿಗೆ ಉಡಿ ತುಂಬೂದು ನಮ್ಮಲ್ಲಿ ಇಲ್ಲ,” ಎಂದೆ.

ನಾನು ದನಿ ಏರಿಸಲಿಲ್ಲ. ತರಗತಿಯಲ್ಲಿ ಒಂದು ತಪ್ಪನ್ನು ತಿದ್ದುವಾಗ ಬಳಸುತ್ತಿದ್ದ ದನಿಯಲ್ಲೇ ಹೇಳಿದೆ. ಮಹಾದೇವಿಯ ಹಿಡಿ ಮೊರದ ಮೇಲೆಯೇ ನಿಂತಿತು. ಶಾಂತಾ ತನ್ನ ಖಾಲಿ ಸೆರಗನ್ನು ಒಂದು ಕ್ಷಣ ನೋಡಿ, ಮಡಿಚಿ, ಹೆಗಲ ಮೇಲೆ ಹಾಕಿಕೊಂಡಳು. “ಹೋಗ್ತೀನಿ” ಎಂದಳು, “ಹೋಗಿ ಬರ್ತೀನಿ” ಎನ್ನಲಿಲ್ಲ. ಹಾಗೆಯೇ ನಡೆದುಕೊಂಡಳು. ಕುವೈತಿನಿಂದ ಮೆಲ್ಬರ್ನಿಗೆ ಹೋದಳೇ ಹೊರತು ಸೇಡಂಗೆ ಬರಲಿಲ್ಲ.

ನಾನು ಮಾಡಿದ್ದು ಸರಿಯೆಂದೇ ಬಹಳ ಕಾಲ ನಂಬಿದ್ದೆ. ಮಹಾದೇವಿ ಹಾಸಿಗೆ ಹಿಡಿದಾಗ ನಾನು ಸ್ವಯಂನಿವೃತ್ತಿ ತೆಗೆದುಕೊಂಡು ಮನೆಯಲ್ಲಿದ್ದೆ. ಅವಳು ನನ್ನ ಬಳಿ ಕೇಳಿದ್ದು ಒಂದೇ: “ಅವತ್ತ ಹಿಡಿದ ಅಕ್ಕಿ ನಿಮ್ಮ ಮಾತಿಗೆ ಕೆಳಗಿಟ್ಟೆ. ನಾ ಅಂತೂ ಹೋಗೂದು ಆಗಂಗಿಲ್ಲ, ನೀವೇ ಹೋಗಿ ಶಾಂತಾನ ಉಡಿ ತುಂಬಿ ಬರ್ರಿ. ಕೈ ಯಾರದಾದ್ರೂ ಆಗ್ಲಿ, ಅಕ್ಕಿ ತವರಿಂದು ಆಗ್ಬೇಕು.” ನಾನು ಹೂಂ ಎಂದೆ, ರೋಗಿಯ ಸಮಾಧಾನಕ್ಕೆ ಎಂದುಕೊಂಡಿದ್ದೆ. ಅವಳು ಹೋದ ಆರು ತಿಂಗಳಿಗೆ ಚಿಂಚೋಳಿಯಲ್ಲಿ ಬಂಧುಗಳ ಮದುವೆಯೊಂದಕ್ಕೆ ಹೋಗಿದ್ದೆ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು, ಕೈಗೆ ಅಕ್ಷತೆ ಕೊಟ್ಟರು, ಮದುಮಕ್ಕಳು ಬಂದು ಕಾಲಿಗೆರಗಿದರು. ಹೆಂಡತಿ ಇಲ್ಲದವನೆಂದು ಯಾರೂ ನನ್ನನ್ನು ಹಿಂದಕ್ಕೆ ಸರಿಸಲಿಲ್ಲ. ಆ ಅಕ್ಷತೆ ನನ್ನ ಅಂಗೈಯಲ್ಲಿ ಬಹಳ ಹೊತ್ತು ಹಾಗೆಯೇ ಉಳಿಯಿತು. ಮನೆಗೆ ಬಂದವನೇ ಶಾಂತಾಳಿಗೆ ಪತ್ರ ಬರೆದೆ: ನೋಡಬೇಕೆನಿಸಿದೆ, ಬರಬಹುದೇ? ಉತ್ತರದಲ್ಲಿ ಎರಡೇ ಪದವಿದ್ದವು: “ಬಾ ಅಣ್ಣಾ.”

ಹೈದರಾಬಾದು ತಲುಪಿದಾಗ ಹನ್ನೊಂದೂವರೆ. ಸಂಜೆ ಏಳರ ವಿಮಾನ. ಕೌಲಾಲಂಪುರದಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು. ಅಲ್ಲಿಂದ ಮುಂದೆ ಎಂಟು ಗಂಟೆಯ ಹಾರಾಟ. ನನ್ನ ಪಕ್ಕದ ಆಸನದಲ್ಲಿ ತಾಂಡೂರಿನ ಹಿರಿಯ ಹೆಂಗಸೊಬ್ಬರಿದ್ದರು, ಮಗಳ ಬಾಣಂತನಕ್ಕೆ ಹೊರಟವರು. ಮೆಲ್ಬರ್ನ್ ಹತ್ತಿರವಾದಾಗ ಪರಿಚಾರಿಕೆ ಎಲ್ಲರಿಗೂ ಒಂದು ಗಟ್ಟಿ ಕಾಗದದ ಚೀಟಿ ಹಂಚಿದಳು. ಆಹಾರ, ಧಾನ್ಯ, ಬೀಜ, ಗಿಡಮೂಲಿಕೆ ಏನಾದರೂ ತಂದಿದ್ದೀರಾ ಎಂದು ಅದರಲ್ಲಿ ಕೇಳಿತ್ತು. ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ನಾನು ಪೆನ್ನು ಹಿಡಿದು ಕುಳಿತದ್ದನ್ನು ಕಂಡ ಆ ತಾಯಿ, “ಮಾಸ್ತರ್ಗಾರು, ಇಲ್ಲ ಅಂತ ಬರೀರಿ. ನನ್ನ ಪೆಟ್ಟಿಗ್ಯಾಗ ನಾಕು ಕೇಜಿ ಉಪ್ಪಿನಕಾಯಿ ಅದ, ನಾನೇ ಇಲ್ಲ ಅಂತ ಬರದೀನಿ,” ಎಂದು ತಮ್ಮ ತಾಂಡೂರಿನ ಕನ್ನಡದಲ್ಲಿ ಬುದ್ಧಿ ಹೇಳಿದರು.

ಉಡಿಯ ಅಕ್ಕಿ ಆಹಾರವೇ ಎಂದು ನಾನು ಕಾಲು ಗಂಟೆ ಯೋಚಿಸಿದೆ. ಆದರೆ ಚೀಟಿಯಲ್ಲಿ ಧಾನ್ಯ ಎಂಬ ಮಾತು ಸ್ಪಷ್ಟವಾಗಿತ್ತು. ಇಪ್ಪತ್ತೇಳು ವರ್ಷ ಮಕ್ಕಳಿಗೆ, ಕೇಳಿದ ಪ್ರಶ್ನೆಗೆ ನೇರವಾದ ಉತ್ತರ ಬರೆಯಿರಿ ಎಂದು ಹೇಳಿದವನು ನಾನು. ಹೌದು ಎಂದು ಗುರುತು ಹಾಕಿದೆ. ಪ್ರಾಮಾಣಿಕವಾಗಿ ತೋರಿಸಿದರೆ ನೋಡಿ ಬಿಡುತ್ತಾರೆಂದೇ ಎಣಿಸಿದ್ದೆ; ಹೊರಡುವ ಮೊದಲು ಯಾರನ್ನಾದರೂ ವಿಚಾರಿಸುವ ಬುದ್ಧಿ ನನಗೆ ಬಂದಿರಲಿಲ್ಲ.

ಗುರುವಾರ ಮಧ್ಯಾಹ್ನ ಒಂದೂವರೆಗೆ ಇಳಿದೆವು. ತಾಂಡೂರಿನ ತಾಯಿ ಗಾಡಿ ತಳ್ಳಿಕೊಂಡು ನಿಧಾನವಾಗಿ ಹೊರಗೆ ಹೋದರು. ನನ್ನನ್ನು ಬೇರೆ ಸಾಲಿಗೆ ಕಳುಹಿಸಿದರು. ಉಕ್ಕಿನ ಉದ್ದನೆಯ ಮೇಜಿನ ಹಿಂದೆ, ಕೈಗೆ ನೀಲಿ ಗವಸು ತೊಟ್ಟ ಮಹಿಳಾ ಅಧಿಕಾರಿಯೊಬ್ಬರು ನಿಂತಿದ್ದರು. ಗಂಟು ಬಿಚ್ಚುವಂತೆ ಸೌಜನ್ಯದಿಂದಲೇ ಹೇಳಿದರು. ಒಂದು ವರ್ಷದಿಂದ ಬಿಚ್ಚದ ಗಂಟನ್ನು ಅಲ್ಲಿ ಬಿಚ್ಚಿದೆ. ಅಕ್ಕಿಯಲ್ಲಿ ಬೇವಿನ ಒಣ ಎಲೆಗಳಿದ್ದವು. ಹುಳು ಬೀಳಬಾರದೆಂದು ಮಹಾದೇವಿ ಹಾಕಿದ್ದಳು.

ಇದು ಯಾತಕ್ಕೆ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ತಂಗಿಗೆ, ಒಂದು ವಿಧಿಗಾಗಿ ಎಂದೆ. ತಂಗಿಯ ಮದುವೆಯೇ ಎಂದರು. ಅಲ್ಲ, ಅವಳು ವಿಧವೆ ಎಂದೆ. ಅವರು ಕ್ಷಮಿಸಿ ಎಂದು ಹೇಳಿ, ಅಕ್ಕಿಯನ್ನು ಯಾವ ಪ್ರಮಾಣದಲ್ಲಿಯೂ ಒಳಗೆ ಬಿಡುವಂತಿಲ್ಲವೆಂದು ತಿಳಿಸಿದರು. ಧಾನ್ಯ ತಿನ್ನುವ ಒಂದು ಕೀಟ ಅದರಲ್ಲಿ ಅಡಗಿ ಬಂದರೆ ಅವರ ದೇಶದ ಗೋದಾಮುಗಳೆಲ್ಲ ಹಾಳಾಗುತ್ತವೆಯಂತೆ. ನಾನು ತೊಗರಿಯ ನಾಡಿನವನು. ದಾಲ್‌ಮಿಲ್ಲುಗಳ ಗೋದಾಮುಗಳಲ್ಲಿ ಹುಳು ಏನು ಮಾಡಬಲ್ಲದೆಂಬುದನ್ನು ಕಣ್ಣಾರೆ ಕಂಡವನು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಐದು ಕಾಳುಗಳನ್ನಾದರೂ ಕೊಡಬಹುದೇ ಎಂದು ಕೇಳಿದೆ. ಅವರು ಆಗದೆಂದು ತಲೆಯಾಡಿಸಿದರು. ಕೊಬ್ಬರಿ ಬಟ್ಟಲನ್ನೂ ಬೇರುಗಳನ್ನೂ ಅಡಕೆಯನ್ನೂ ಎಲ್ಲವನ್ನೂ ಒಂದು ಹಳದಿ ಚೀಲಕ್ಕೆ ಸುರಿದು, ಬಾಯಿ ಬಿಗಿದು, ಹಿಂದಿದ್ದ ಡಬ್ಬಿಗೆ ಹಾಕಿದರು. ಸೀರೆಯ ತುಂಡನ್ನು ಜಾಡಿಸಿ ನೋಡಿದರು. ನೇಯ್ಗೆಯಲ್ಲಿ ಕಾಳಿನ ಪುಡಿ ಸಿಕ್ಕಿದ್ದರಿಂದ ಅದೂ ಹೋಯಿತು. ಹಸಿರು ಖಣವನ್ನು ಹಿಂದಿರುಗಿಸಿ, ವಶಪಡಿಸಿಕೊಂಡ ವಸ್ತುಗಳ ಒಂದು ಚೀಟಿಯನ್ನು ನನ್ನ ಕೈಗಿತ್ತರು. ನೀವು ಮುಚ್ಚಿಡದೆ ಹೇಳಿದ್ದಕ್ಕೆ ಧನ್ಯವಾದ ಎಂದರು. ಒಟ್ಟು ಹತ್ತು ನಿಮಿಷ ಹಿಡಿದಿರಬಹುದು.

ಹೊರಗೆ ಶಾಂತಾ ನಿಂತಿದ್ದಳು. ಕಪ್ಪು ದಪ್ಪ ಕೋಟು, ಪ್ಯಾಂಟು, ಕತ್ತರಿಸಿದ ಕೂದಲು. ಕಿವಿಯ ಹಿಂದೆ ನೆರೆ ಮೂಡಿತ್ತು. ನನ್ನ ಮನಸ್ಸಿನಲ್ಲಿದ್ದ ತಂಗಿಗಿಂತ ಹನ್ನೆರಡು ವರ್ಷ ದೊಡ್ಡವಳಾಗಿದ್ದಳು, ಅದು ಸಹಜ. “ಭಾಳ ತಡ ಆತಲ್ಲಣ್ಣಾ ಒಳಗ?” ಎಂದಳು. ಸಾಲು ಉದ್ದ ಇತ್ತು ಎಂದೆ. ಹೊರಗಿನ ಚಳಿಗಾಳಿ ಮುಖಕ್ಕೆ ಬಡಿಯಿತು. ನಮ್ಮ ಮಾಘದ ಬೆಳಗಿನ ಚಳಿಗಿಂತ ಹೆಚ್ಚೇನಲ್ಲ; ಆದರೆ ಅದು ಹೊತ್ತು ಏರಿದರೂ ಇಳಿಯುವ ಚಳಿಯಾಗಿರಲಿಲ್ಲ. ಅವಳು ಕಾರು ನಡೆಸುತ್ತಾಳೆಂಬುದು ನನಗೆ ಆಗಲೇ ತಿಳಿದದ್ದು.

ಅವಳ ಮನೆ ನಗರದ ಪಶ್ಚಿಮಕ್ಕೆ ಇಪ್ಪತ್ತು ಕಿಲೋಮೀಟರು ದೂರ. ಎರಡು ಕೋಣೆ, ಒಂದು ಅಡುಗೆಮನೆ. ಚಪಾತಿ, ಬದನೆಕಾಯಿ ಪಲ್ಯ, ನಂಜಿಕೊಳ್ಳಲು ಸೇಂಗಾ ಹಿಂಡಿ ಮಾಡಿದ್ದಳು. ಊಟದ ನಂತರ ಪೆಟ್ಟಿಗೆ ತೆರೆದು ನಾನು ಕೊಂಡಿದ್ದ ಸೀರೆಯನ್ನೂ ಆ ಹಸಿರು ಖಣವನ್ನೂ ಕೊಟ್ಟೆ. ಖಣವನ್ನು ಅವಳು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದಳು. ಅದರ ಅಂಚನ್ನು ಬೆರಳಿನಿಂದ ಸವರುತ್ತ, “ಮತ್ತೇನು ತಂದೀಯಣ್ಣಾ?” ಎಂದು ಕೇಳಿದಳು.

“ಮತ್ತೇನಿಲ್ಲ.”

ಹಾಗೇಕೆ ಹೇಳಿದೆನೆಂದು ಪ್ರವಾಸ ಮುಗಿಸಿ ಬಂದ ಮೇಲೆ ದಿನವೂ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಅಕ್ಕಿ ಕೈಯಲ್ಲಿ ಇಲ್ಲದಿರುವಾಗ ಅಕ್ಕಿಯ ಮಾತೆತ್ತುವುದು ಬರಿಯ ಬಾಯುಪಚಾರವಾದೀತು ಎಂಬ ಸಂಕೋಚವಿತ್ತು. ಹೆಂಡತಿ ಒಪ್ಪಿಸಿದ ಒಂದು ಕೆಲಸವನ್ನು ಕೆಡಿಸಿಕೊಂಡೆನೆಂಬ ನಾಚಿಕೆ ಅದಕ್ಕಿಂತ ಹೆಚ್ಚಾಗಿತ್ತು. ಮೊದಲ ದಿನ ಹೇಳದ ಮಾತು ಎರಡನೆಯ ದಿನಕ್ಕೆ ಇನ್ನಷ್ಟು ಭಾರವಾಯಿತು.

ಶುಕ್ರವಾರ ಅವಳಿಗೆ ಅರ್ಧ ದಿನದ ಕೆಲಸ. ನನ್ನನ್ನು ರೈಲಿನಲ್ಲಿ ನಗರದ ನಡುಭಾಗಕ್ಕೆ ಬಿಟ್ಟು, ಎರಡು ಗಂಟೆಗೆ ಬರುತ್ತೇನೆಂದು ಹೇಳಿ ಹೋದಳು. ಅಲ್ಲಿ ನಡುನಗರದ ಸುತ್ತಿನೊಳಗೆ ಟ್ರಾಮಿಗೆ ಟಿಕೆಟ್ಟಿಲ್ಲ. ಯಾರು ಬೇಕಾದರೂ ಹತ್ತಬಹುದು, ಇಳಿಯಬಹುದು. ನಾನು ಅದೇ ಸುತ್ತನ್ನು ಮೂರು ಸಲ ಸುತ್ತಿದೆ. ಓಣಿಗಳಿಗೆಲ್ಲ ಕಡುನೀಲಿ ಕಲ್ಲು ಹಾಸಿದ್ದಾರೆ. ಶಹಾಬಾದಿನ ಫರ್ಸಿ ಕಲ್ಲಿನ ಮೇಲೆ ಬೆಳೆದವರ ಕಣ್ಣು ಎಲ್ಲಿ ಹೋದರೂ ಮೊದಲು ನೆಲವನ್ನೇ ನೋಡುತ್ತದೆ. ನಮ್ಮ ಕಲ್ಲು ಪದರ ಪದರವಾಗಿ ಏಳುತ್ತದೆ, ತಣ್ಣಗಿರುತ್ತದೆ. ಅವರದು ಒರಟು, ಗಾಡಿಗಳ ಚಕ್ರ ಉರುಳಿ ನಡುವೆ ತಗ್ಗಾಗಿದೆ. ನಗರದ ನಡುವೆ ಯಾರಾ ಎಂಬ ನದಿ ಹರಿಯುತ್ತದೆ. ಅದರ ನೀರು ಹೊಸಮಳೆಯ ನಮ್ಮ ಕಾಗಿಣೆ ಹೊಳೆಯಂತೆಯೇ ಕಂದು ಬಣ್ಣದ್ದು. ದಂಡೆಯ ಬೆಂಚಿನ ಮೇಲೆ ಕುಳಿತು ಅದನ್ನು ನೋಡಿದೆ. ಅಲ್ಲಿ ಬಟ್ಟೆ ಒಗೆಯುವವರಿರಲಿಲ್ಲ, ಎಮ್ಮೆ ತೊಳೆಯುವವರಿರಲಿಲ್ಲ. ಕೆಲವರು ಕಿರಿದಾದ ದೋಣಿಗಳಲ್ಲಿ ಒಂದೇ ತಾಳದಲ್ಲಿ ಹುಟ್ಟು ಹಾಕುತ್ತಿದ್ದರು.

ಮರಳುವಾಗ ಶಾಂತಾ ತನ್ನ ಬಡಾವಣೆಯ ಭಾರತೀಯ ಅಂಗಡಿಯೊಂದಕ್ಕೆ ಕರೆದೊಯ್ದಳು. ಅವಳು ಮೆಣಸಿನಕಾಯಿ ಆರಿಸುತ್ತಿದ್ದಾಗ ನಾನು ಅಕ್ಕಿಯ ಚೀಲಗಳ ಮುಂದೆ ನಿಂತೆ. ಸಣ್ಣಕ್ಕಿ, ಬಾಸುಮತಿ, ಸೋನಾ ಎಲ್ಲವೂ ಇದ್ದವು. ಕೊಬ್ಬರಿ ಬಟ್ಟಲೂ ಇತ್ತು, ಅರಿಷಿಣದ ಬೇರೂ ಇತ್ತು. ಒಂದು ಕಿಲೋ ಪೊಟ್ಟಣವನ್ನು ಕೈಗೆತ್ತಿಕೊಂಡೆ. ಆಗ ಮಹಾದೇವಿಯ ಮಾತು ನೆನಪಾಯಿತು: ಅಕ್ಕಿ ತವರಿನದಾಗಬೇಕು. ಈ ಅಕ್ಕಿ ತವರಿನದಲ್ಲ. ಪೊಟ್ಟಣವನ್ನು ಇದ್ದಲ್ಲಿಯೇ ಇಟ್ಟೆ. ತಿರುಗಿ ನೋಡಿದರೆ ಶಾಂತಾ ನನ್ನನ್ನೇ ನೋಡುತ್ತಿದ್ದಳು. “ಅಕ್ಕಿ ಮನ್ಯಾಗ ಅದ ಅಣ್ಣಾ,” ಎಂದಳು.

ಶನಿವಾರ ಅವಳೊಡನೆ ಅವಳ ಕೆಲಸದ ಜಾಗಕ್ಕೆ ಹೋದೆ. ವಯಸ್ಸಾದವರನ್ನು ನೋಡಿಕೊಳ್ಳುವ ಮನೆ ಅದು. ಬಂಧುಗಳು ಬಂದು ಕೂರಲು ಒಂದು ಕೋಣೆಯಿತ್ತು. ಗಾಜಿನ ಗೋಡೆಯಾಚೆ ಶಾಂತಾ ಓಡಾಡುವುದು ಕಾಣುತ್ತಿತ್ತು. ಎಂಬತ್ತು ದಾಟಿದ ಮುದುಕಿಯೊಬ್ಬಳಿಗೆ ಗಂಜಿಯಂಥದ್ದನ್ನು ಚಮಚದಲ್ಲಿ ತಿನ್ನಿಸಿ, ಬಾಯಿ ಒರೆಸಿ, ಕೂದಲು ಬಾಚಿ, ತುಟಿಗೆ ಬಣ್ಣ ಹಚ್ಚಿದಳು. ಮುದುಕಿ ಕನ್ನಡಿ ನೋಡಿಕೊಂಡು ನಕ್ಕಳು. ಆಮೇಲೆ ನಾನು ವಿಚಾರಿಸಿದೆ. ಗಂಡ ತೀರಿ ಮೂವತ್ತು ವರ್ಷವಾಗಿದೆ, ದಿನವೂ ಬಣ್ಣ ಬೇಕು ಅವಳಿಗೆ ಎಂದು ಶಾಂತಾ ಸಹಜವಾಗಿ ಹೇಳಿದಳು. ಅದರಲ್ಲಿ ನನಗೆ ಚುಚ್ಚುವ ಉದ್ದೇಶ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಭಾನುವಾರ ನಾನು ಏಳುವ ಹೊತ್ತಿಗೆ ಮನೆಯಲ್ಲಿ ಊದುಬತ್ತಿಯ ವಾಸನೆಯಿತ್ತು. ಶಾಂತಾ ತಲೆಗೆ ಸ್ನಾನ ಮಾಡಿ, ಮಹಾದೇವಿ ಎಂದೋ ಕೊಟ್ಟಿದ್ದ ಹಳೆಯ ಇಳಕಲ್ ಸೀರೆ ಉಟ್ಟಿದ್ದಳು. ಈ ದಿನ ರಜೆ ಹಾಕಿದ್ದೇನೆಂದಳು. ಹೂರಣ ಅರೆದು ಹೋಳಿಗೆ ಮಾಡಿದಳು. ಉಂಡ ಮೇಲೆ ಪಾತ್ರೆ ತೊಳೆದು, ಬೈಠಕ್ಕಿನ ಕೋಣೆಯ ನಡುವೆ ಒಂದು ಚಾಪೆ ಹಾಸಿ, ಪೂರ್ವಕ್ಕೆ ಮುಖ ಮಾಡಿ ಕುಳಿತಳು. ಸೆರಗನ್ನು ಮಡಿಲಿನ ಮೇಲೆ ಎಳೆದುಕೊಂಡಿದ್ದಳು. ನಾನು ಎದುರಿನ ಕುರ್ಚಿಯಲ್ಲಿದ್ದೆ. ನನ್ನ ನಿವೃತ್ತಿವೇತನದ ಕಡತ ಕಲಬುರಗಿಯ ಕಚೇರಿಯಲ್ಲಿ ಎಷ್ಟು ತಿಂಗಳು ನಿಂತಿತ್ತು ಎಂಬುದನ್ನು ವಿವರಿಸಿದೆ. ವಾಡಿಯಲ್ಲಿ ಈಗ ಯಾವ ಯಾವ ರೈಲು ನಿಲ್ಲುತ್ತವೆ, ಚಿತ್ತಾಪುರದ ಸೋದರತ್ತೆಯ ಮೊಣಕಾಲಿಗೆ ಯಾವ ಮದ್ದು ಹಚ್ಚುತ್ತಿದ್ದಾರೆ, ಎಲ್ಲವನ್ನೂ ಹೇಳಿದೆ. ಅವಳು ಹೂಂಗುಟ್ಟಿದಳು. ನನ್ನ ಮಾತು ಮುಗಿಯಿತು.

“ಮತ್ತೇನಣ್ಣಾ?” ಎಂದಳು.

“ಮತ್ತೇನಿಲ್ಲವ್ವಾ.”

ಅವಳು ಎದ್ದು, ಚಾಪೆ ಸುತ್ತಿ ಮೂಲೆಗಿಟ್ಟಳು. ಅವಳು ಕುಳಿತದ್ದೇಕೆಂದು ನನಗೆ ತಿಳಿಯಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅರ್ಧ ತಿಳಿದಿತ್ತು. ಉಳಿದರ್ಧವನ್ನು ಕೇಳಿ ತಿಳಿಯುವ ಧೈರ್ಯ ಬರಲಿಲ್ಲ. ಅವಳಿಗೆ ಅಕ್ಕಿಯ ಸುದ್ದಿ ಗೊತ್ತಿರಲು ಸಾಧ್ಯವಿಲ್ಲವೆಂದು ನನಗೆ ನಾನೇ ತರ್ಕ ಹೇಳಿಕೊಂಡೆ.

ಸೋಮವಾರ ಮೂರು ಗಂಟೆಗೆ ನನ್ನ ವಿಮಾನ. ಸಂಜೆ ಅವಳಿಗೆ ಪಾಳಿ ಇದ್ದುದರಿಂದ ಕೆಲಸದ ನೀಲಿ ಉಡುಪಿನಲ್ಲಿಯೇ ಬಿಡಲು ಬಂದಳು. ಪೆಟ್ಟಿಗೆ ಒಪ್ಪಿಸಿದ ಮೇಲೆ ಇನ್ನೂ ನಲವತ್ತು ನಿಮಿಷ ಉಳಿದಿತ್ತು. ಎರಡು ಚಹಾ ತಂದಳು. ಅದನ್ನು ಕುಡಿಯದೆ ಕೈಯಲ್ಲಿ ಹಿಡಿದು, “ಒಂದು ಕೇಳ್ತೀನಿ ಅಣ್ಣಾ, ಬ್ಯಾಸರ ಮಾಡ್ಕೋಬ್ಯಾಡ,” ಎಂದಳು. “ಅತ್ತಿಗಿ ಕೊಟ್ಟ ಅಕ್ಕಿ ಎಲ್ಲಿ ಅದ?”

ನಿನಗೆ ಹೇಗೆ ಗೊತ್ತು ಎಂದೆ. ಆಗ ಅವಳು ಹೇಳಿದ್ದು ಇಷ್ಟು. ಹನ್ನೊಂದು ವರ್ಷ, ಪ್ರತಿ ಭಾನುವಾರ, ನಾನು ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಮಹಾದೇವಿ ಅವಳಿಗೆ ಫೋನು ಮಾಡುತ್ತಿದ್ದಳು. ಕೊನೆಯ ಫೋನಿನಲ್ಲಿ, “ಉಡಿಯಕ್ಕಿ ಹಸನ ಮಾಡಾಕತ್ತೀನಿ. ನಿಮ್ಮಣ್ಣ ತಗೊಂಡು ಬರ್ತಾರ. ಸೀರಿ ಉಟ್ಕೊಂಡು ಕುಂದ್ರು,” ಎಂದಿದ್ದಳು.

ಕಿಸೆಯಿಂದ ವಶಪಡಿಸಿಕೊಂಡ ವಸ್ತುಗಳ ಚೀಟಿಯನ್ನು ತೆಗೆದು ಕೊಟ್ಟೆ. ಮೇಜು, ಹಳದಿ ಚೀಲ, ಡಬ್ಬಿ ಎಲ್ಲವನ್ನೂ ಹೇಳಿದೆ. ಅಂಗಡಿಯಲ್ಲಿ ಪೊಟ್ಟಣವನ್ನು ಏಕೆ ಕೆಳಗಿಟ್ಟೆನೆಂಬುದನ್ನೂ ಹೇಳಿದೆ. ಅವಳು ಚೀಟಿಯನ್ನು ಎರಡು ಸಲ ಓದಿದಳು.

“ಇಲ್ಲೇ? ಇದೇ ಏರ್‌ಪೋರ್ಟಿನ್ಯಾಗ?”

“ಇಲ್ಲೇ.”

“ಗುರುವಾರ ಹೇಳಿದ್ರ ಇಬ್ಬರೂ ಕೂಡಿ ಅತ್ತುಬಿಡ್ತಿದ್ವಿ,” ಎಂದಳು. ನಂತರ ಚೀಟಿಯನ್ನು ನಾಲ್ಕಾಗಿ ಮಡಿಚಿ ನನಗೇ ಹಿಂದಿರುಗಿಸುತ್ತ, “ಅಕ್ಕಿ ತಗೊಂಡ್ರು, ಅದು ಅವರ ಕಾನೂನ. ನಾಕು ದಿನ ನನ್ನ ಮುಂದ ಸುಮ್ನ ಕುಂತೆಲ್ಲಣ್ಣಾ, ಅದು ಯಾರ ಕಾನೂನ?” ಎಂದು ಕೇಳಿದಳು.

ನನ್ನ ವಿಮಾನದವರು ಒಳಗೆ ಹೋಗುವಂತೆ ಕರೆಯತೊಡಗಿದರು. ಏಳುವಾಗ ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಅಕ್ಕಿಯ ಕಲ್ಲು ಆರಿಸಿ ಹಸನ ಮಾಡುವಾಗ ಅತ್ತಿಗೆ ಏನಾದರೂ ಅಂದಳೇ? ನಾನು ಪಾಸ್ಪೋರ್ಟಿಗಾಗಿ ಕಿಸೆ ತಡಕಾಡತೊಡಗಿದೆ. ಅವಳು “ಹೋಗ್ಲಿ ಬಿಡು,” ಎಂದು ನನ್ನ ಕೋಟಿನ ಗುಂಡಿ ಹಾಕಿ, ಕಾಲು ಮುಟ್ಟಿ ನಮಸ್ಕರಿಸಿದಳು. ತಪಾಸಣೆಯ ಸಾಲಿನಿಂದ ತಿರುಗಿ ನೋಡಿದೆ. ಅವಳು ಎರಡೂ ಲೋಟಗಳನ್ನು ಎತ್ತಿಕೊಂಡು, ಮೇಜನ್ನು ಕಾಗದದಿಂದ ಒರೆಸುತ್ತಿದ್ದಳು. ಅದನ್ನು ಒರೆಸುವುದು ಅವಳ ಕೆಲಸವಾಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹೈದರಾಬಾದಿನಿಂದ ರೈಲು ಹಿಡಿದೆ. ವಿಕಾರಾಬಾದಿನ ಕಾಡು ದಾಟಿದ ಮೇಲೆ ಮಳೆ ಶುರುವಾಯಿತು. ತಾಂಡೂರಿನಲ್ಲಿ ಪ್ಲಾಟ್‌ಫಾರಂ ತೊಯ್ದಿತ್ತು. ಸೇಡಂನಲ್ಲಿ ಇಳಿದಾಗ ಹನ್ನೆರಡೂ ಕಾಲು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಪೆಟ್ಟಿಗೆಯಿಟ್ಟು, ಊರು ಮುಟ್ಟಿದೆನೆಂದು ಹೇಳಲು ಶಾಂತಾಳಿಗೆ ಫೋನು ಮಾಡಿದೆ. ಅಲ್ಲಿ ಆಗ ಸಂಜೆಯ ನಾಲ್ಕೂ ಮುಕ್ಕಾಲು. “ಮುಟ್ಟಿದೆ,” ಎಂದೆ. “ಹೂಂ,” ಎಂದಳು. ಇಷ್ಟಕ್ಕೆ ಮುಗಿಸುವುದು ನನ್ನ ರೂಢಿ.

ನಾನು ಮುಗಿಸಲಿಲ್ಲ. ನಿನ್ನೆ ನೀ ಕೇಳಿದ್ದನ್ನು ಹೇಳುತ್ತೇನೆ ಎಂದೆ. ಮಹಾದೇವಿಗೆ ಕೂರಲು ಆಗುತ್ತಿರಲಿಲ್ಲ. ಬೆನ್ನಿಗೆ ಎರಡು ದಿಂಬು ಕೊಟ್ಟಿದ್ದೆ. ಸ್ಟೀಲಿನ ತಾಟಿನಲ್ಲಿ ಅಕ್ಕಿ ಹರಡಿಕೊಂಡಿದ್ದಳು. ಒಂದು ಹಿಡಿ ಹಸನಾಗುವಷ್ಟರಲ್ಲಿ ನಿದ್ದೆ ಹತ್ತುತ್ತಿತ್ತು. ಎಚ್ಚರವಾದಾಗ ಎಲ್ಲಿಗೆ ಬಿಟ್ಟಿದ್ದಳೆಂಬುದು ಮರೆತು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಹೀಗೆ ಮೂರು ದಿನ. ಶಾಂತಾಳ ಉಡಿ, ನುಚ್ಚು ಹೋಗಬಾರದು ಎಂದು ಮುರಿದ ಕಾಳನ್ನೆಲ್ಲ ಬೇರೆ ತೆಗೆಯುತ್ತಿದ್ದಳು. ನಾನು ಪಕ್ಕದಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆ. ಮೂರನೆಯ ದಿನ ತಾಟನ್ನು ನನ್ನ ಕಡೆಗೆ ಸರಿಸಿ, “ಕಡೀಕಿನ ಹಿಡಿ ನೀವು ಮಾಡ್ರಿ. ಶಾಂತಾನ ಅಕ್ಕಿಗೆ ನಿಮ್ಮ ಕೈ ಹತ್ತಬೇಕು,” ಎಂದಳು. ನಾನು ಕನ್ನಡಕ ಹಾಕಿಕೊಂಡು ಆರಿಸಿದೆ. ಏಳು ಕಲ್ಲು ಸಿಕ್ಕವು. ಅವಳು ಮತ್ತೊಮ್ಮೆ ನೋಡಿ ಎಂಟನೆಯದನ್ನು ತೆಗೆದು, ಮಾಸ್ತರ್ರು ನಾಪಾಸು ಎಂದು ನಕ್ಕಳು. ಆಮೇಲೆ ಅವಳು ನಕ್ಕದ್ದು ನೆನಪಿಲ್ಲ.

ಫೋನಿನ ಆ ಕಡೆ ಶಾಂತಾಳ ಹಿಂದೆ ಎಲ್ಲೋ ಯಾರೋ ಮುದುಕರು ಕರೆಗಂಟೆ ಒತ್ತುತ್ತಿದ್ದರು. ಅದು ಒಂದು ಸಲ ಬಡಿಯಿತು, ಮತ್ತೊಂದು ಸಲ ಬಡಿಯಿತು. ಕೇಳುತ್ತಿದ್ದಾಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಆದರೂ ಬೇವಿನ ಎಲೆ ತರಲು ಮಹಾದೇವಿ ನನ್ನನ್ನು ಯಾವ ಗಿಡಕ್ಕೆ ಕಳುಹಿಸಿದಳು, ಗಂಟು ಕಟ್ಟಲು ಯಾವ ಸೀರೆಯನ್ನು ಹರಿಯಲು ಹೇಳಿದಳು ಎಂಬುದನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದೆ. ಶಾಂತಾ ಫೋನು ಇಡಲಿಲ್ಲ.